ಕೇಳದೆ ನಡೆದ ದಾರಿ

ನಮ್ಮ ತೋಟಕ್ಕೆ ದಾರಿಯೇ ಇಲ್ಲ ಎಂಬ ಸಂಗತಿ ನನಗೆ ಇಪ್ಪತ್ತು ತುಂಬುವ ತನಕ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಂದೇ ಬಂಡಿ ಜಾಡಿನಲ್ಲಿ ಓಡಾಡಿದವಳಿಗೆ ಅದು ದಾರಿಯಲ್ಲ ಎಂದು ಹೇಗೆ ಹೊಳೆಯಬೇಕು? ಗಾಡಿಯ ಚಕ್ರಗಳು ಕೊರೆದ ಎರಡು ಗೀರು, ನಡುವೆ ಎತ್ತುಗಳು ತುಳಿದ ಗರಿಕೆ, ಅಷ್ಟೇ. ಅದು ಇನ್ನೊಬ್ಬರ ನೆಲ ಎಂದು ಗೊತ್ತಿದ್ದರೂ ಅದರ ಬಗ್ಗೆ ಯೋಚಿಸುವ ಬುದ್ಧಿ ನನಗಿರಲಿಲ್ಲ. ಯೋಚಿಸುವ, ಕೇಳುವ ಕೆಲಸವನ್ನೆಲ್ಲ ನಮ್ಮಪ್ಪ ಮಾಡುತ್ತಿದ್ದ. ಕೊನೆಗೆ ನಮಗೆ ಮುಳುವಾದದ್ದೂ ಅವನ ಆ ಕೇಳುವ ಅಭ್ಯಾಸವೇ.

ಹೆಬ್ಬಾಳದ ಕೆರೆಯ ಕೆಳಗೆ, ಗಂಗಾನಗರದ ಕಡೆಗೆ ನಮ್ಮ ಹಳ್ಳಿ. ಈಗ ಅಲ್ಲಿ ನಿಂತರೆ ಯಾವ ಕಡೆ ಮುಖ ಮಾಡಿದ್ದೇನೆ ಎಂದು ನನಗೇ ತಿಳಿಯುವುದಿಲ್ಲ. ಆಗ ನಿಂತಲ್ಲಿಂದ ಕೆರೆ ಏರಿ ಕಾಣುತ್ತಿತ್ತು. ಎರಡೂವರೆ ಎಕರೆ ದ್ರಾಕ್ಷಿ ತೋಟ ನಮ್ಮದು. ಬಡಗಣಕ್ಕೆ ದೊಡ್ಡ ಬಂಡೆ, ಪಡುವಣಕ್ಕೆ ಕೆರೆ ಕೋಡಿಯ ಹಳ್ಳ, ತೆಂಕಣಕ್ಕೆ ಕಲ್ಲು ತೆಗೆದು ಬಿಟ್ಟ ಆಳವಾದ ಗುಂಡಿ. ಮೂಡಣಕ್ಕೆ ಮಾತ್ರ ಸಮನೆಲ. ಆ ಸಮನೆಲ ಇನ್ನೊಬ್ಬರ ಹೊಲ, ಅದರಾಚೆಗೆ ರಸ್ತೆ. ಗಾಡಿ ತೋಟಕ್ಕೆ ಬರಬೇಕಾದರೆ ಆ ಹೊಲದ ಮೇಲೇ ಹಾದು ಬರಬೇಕು.

ಆ ಹೊಲದ ಒಡತಿ ನಮ್ಮೂರಿನ ಒಬ್ಬ ವಿಧವೆ, ಸಾಬರ ಮನೆಯವರು. ಮನೆಯಲ್ಲಿ ಅವರದು ದಖ್ಖನಿ ಉರ್ದು, ನಮ್ಮ ಹತ್ತಿರ ಕನ್ನಡ. ಅಪ್ಪನಿಗೆ ಅವರು ಅಕ್ಕ, ನನಗೆ ದೊಡ್ಡಮ್ಮ. ಯುಗಾದಿಯ ದಿನ ನಮ್ಮ ಕಡೆ ಹೊನ್ನಾರು ಕಟ್ಟುತ್ತಾರೆ. ಅಂದರೆ ವರ್ಷದ ಮೊದಲ ಉಳುಮೆ. ಎತ್ತಿನ ಮೈ ತೊಳೆದು, ನೊಗಕ್ಕೆ ಪೂಜೆ ಮಾಡಿ, ನಾಲ್ಕು ಸಾಲು ಉತ್ತು ಬರುವುದು. ಆದರೆ ಎತ್ತು ಹೂಡುವ ಮುಂಚೆ ಅಪ್ಪ ಒಂದು ತಟ್ಟೆಯಲ್ಲಿ ಎಲೆ ಅಡಿಕೆ, ಒಂದು ಅಚ್ಚು ಬೆಲ್ಲ ಇಡುತ್ತಿದ್ದ. ತಟ್ಟೆ ಹೊರುವವಳು ನಾನು. ದೊಡ್ಡಮ್ಮನ ಬಾಗಿಲಲ್ಲಿ ನಿಂತು, ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು, ಅಪ್ಪ ಪ್ರತಿ ವರ್ಷವೂ ಅದೇ ಮಾತು ಕೇಳುತ್ತಿದ್ದ.

"ಅಕ್ಕಾ, ಈ ವರ್ಸಾನೂ ನಿಮ್ಮ ಒಲದಾಗೆ ದಾರಿ ಬುಡ್ತೀರಾ?"

"ಹೌ, ಹೋಗಿ ಬನ್ನಿ" ಎಂದು ಅವರು ಒಂದು ಎಲೆ, ಒಂದು ಅಡಿಕೆ ತೆಗೆದುಕೊಂಡು, ಬೆಲ್ಲದ ಅಚ್ಚು ಮುರಿದು ಅರ್ಧ ನನ್ನ ಕೈಗೆ ಹಾಕುತ್ತಿದ್ದರು. ನಮ್ಮ ತಾತನೂ ಹೀಗೇ ಕೇಳುತ್ತಿದ್ದನಂತೆ, ದೊಡ್ಡಮ್ಮನ ಮಾವನ ಕಾಲದಲ್ಲಿ.

ಒಂದು ಸಲ ವಾಪಸ್ಸು ಬರುವಾಗ ನಾನು ಅಪ್ಪನನ್ನು ಕೆಣಕಿದೆ. "ಒಂದು ವರ್ಷ ಅವರು ಇಲ್ಲ ಅಂದ್ಬಿಟ್ರೆ?"

"ಇಲ್ಲ ಅನ್ನಾಕೂ ಅವ್ರಿಗೆ ಒಂದು ಜಾಗ ಇರ್ಬೇಕಲ್ಲವ್ವಾ" ಎಂದ ಅಪ್ಪ. "ಅವರ ನೆಲ ತುಳ್ದು ಓಗೋರು ನಾವು. ಕೇಳ್ದೆ ಎಂಗೆ ಓಗಾದು?"

ನನಗೆ ಅದು ಹಳೆಯ ಕಾಲದವರ ಅತಿ ವಿನಯ ಅನ್ನಿಸಿತ್ತು. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದವಳು. ಊರವರ ಅರ್ಜಿ ಬರೆದುಕೊಡುವವಳು. ಆ ಜಂಬಕ್ಕೆ ತಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಐವತ್ತರ ದಶಕದ ಕೊನೆಗೆ ದೊಡ್ಡಮ್ಮ ಹೊಲ ಮಾರಿದರು. ಇದ್ದ ಒಬ್ಬ ಮಗ ಯಶವಂತಪುರದಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮನೆ ಮಾಡಿದ್ದ; ಉಳುವವರಿಲ್ಲದೆ ಹೊಲ ಎರಡು ವರ್ಷ ಬೀಳು ಬಿದ್ದಿತ್ತು. ಕೊಂಡವರು ಪೇಟೆಯ ಒಬ್ಬ ಕಾಂಟ್ರಾಕ್ಟರು. ರಿಜಿಸ್ಟ್ರಿಯ ದಿನ ದೊಡ್ಡಮ್ಮ ಅವರಿಗೆ, "ಹಿಂದೆ ತೋಟದವರು ಇದ್ದಾರೆ, ಅವರ ಗಾಡಿಗೆ ಅಡ್ಡ ಮಾಡ್ಬೇಡಿ" ಎಂದು ಬಾಯಲ್ಲಿ ಹೇಳಿದರಂತೆ. ಕಾಂಟ್ರಾಕ್ಟರು ತಲೆಯಾಡಿಸಿದರಂತೆ. ಪತ್ರದಲ್ಲಿ ಆ ಮಾತು ಬರಲಿಲ್ಲ. ಪತ್ರದಲ್ಲಿ ಏನಿದೆ ಎಂದು ಓದಿಸಿಕೊಳ್ಳದೆ ದೊಡ್ಡಮ್ಮ ಹೆಬ್ಬೆಟ್ಟು ಒತ್ತಿ ಬಂದರು.

ಸಂಕ್ರಾಂತಿ ಕಳೆದ ಮೇಲೆ ಎರಡು ಲಾರಿ ಕಲ್ಲುಕಂಬ ಬಂದು ಬಿತ್ತು. ಒಂದು ವಾರ ಆಳುಗಳು ಸುತ್ತಲೂ ಗುಂಡಿ ತೋಡಿ, ಕಂಬ ನೆಟ್ಟು, ಮುಳ್ಳುತಂತಿ ಎಳೆದರು. ನಮ್ಮ ಬಂಡಿ ಜಾಡು ಹಾಯುವಲ್ಲಿ ಮಾತ್ರ ರಸ್ತೆಯ ಬದಿಗೂ ತೋಟದ ಬದಿಗೂ ಜಾಗ ಬಿಟ್ಟಿದ್ದರು. ನೋಡಿ ಅಪ್ಪ ಖುಷಿಯಾದ. "ಗೇಟು ಇಡ್ತಾರೆ ಕಣವ್ವಾ, ಒಳ್ಳೇ ಮನ್ಸ" ಎಂದ. ಆಳುಗಳಿಗೆ ಒಂದು ಚೊಂಬು ಮಜ್ಜಿಗೆಯನ್ನೂ ಕಳಿಸಿದ. ನಮ್ಮನ್ನು ಹೊರಗಿಡುವ ಬೇಲಿಗೆ ನಾವೇ ಮಜ್ಜಿಗೆ ಕೊಟ್ಟೆವು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಬುಧವಾರ ಬೆಳಿಗ್ಗೆ ಅಪ್ಪ ಗೊಬ್ಬರದ ಗಾಡಿ ಹೊಡೆದುಕೊಂಡು ತೋಟಕ್ಕೆ ಬಂದ. ಅವ್ವ, ನಾನು ಬಳ್ಳಿ ಚಪ್ಪರದ ಕೆಳಗೆ ಗೊಬ್ಬರ ಹರಡುತ್ತಿದ್ದೆವು. ಮಧ್ಯಾಹ್ನ ಉಣ್ಣಲು ಮನೆಗೆ ಹೊರಟು ಗಾಡಿ ತಿರುಗಿಸಿದರೆ, ಜಾಡಿನ ನಡುವೆ ಎರಡು ಹೊಸ ಕಂಬ. ಬುಡದ ಮಣ್ಣು ಇನ್ನೂ ಹಸಿಯಾಗಿತ್ತು. ಆಳುಗಳು ನಾಲ್ಕನೆಯ ಸಾಲು ತಂತಿ ಬಿಗಿಯುತ್ತಿದ್ದರು. ಕಾಂಟ್ರಾಕ್ಟರು ಟೋಪಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು.

ಎತ್ತುಗಳು ಕಂಬದ ಮುಂದೆ ತಾವಾಗಿಯೇ ನಿಂತವು. ಅಪ್ಪ ಇಳಿದು ತಂತಿಯ ಹತ್ತಿರ ಹೋದ.

"ಸ್ವಾಮೀ, ಗಾಡಿ ಒಳಗೈತೆ."

"ಗಾಡಿ ನಿಮ್ಮ ಜಮೀನಲ್ಲಿದೆ" ಎಂದರು ಅವರು. ದನಿ ಏರಿಸಲಿಲ್ಲ. "ನಾನು ನನ್ನ ಜಮೀನಿಗೆ ಬೇಲಿ ಹಾಕ್ತಿದ್ದೀನಿ. ನಿಮ್ಮ ದಾರಿ ಯಾವ ಪತ್ರದಲ್ಲಿದೆ ತೋರಿಸ್ರೀ, ಈಗಲೇ ಕಂಬ ಕೀಳಿಸ್ತೀನಿ."

ಅಪ್ಪನ ಬಾಯಿಂದ ಮಾತು ಹೊರಡಲಿಲ್ಲ. ನನಗೆ ಹೊರಟಿತು. ಏನೇನು ಬೈದೆನೋ ಬರೆಯಲಾರೆ. ಅವರ ಟೋಪಿಯಿಂದ ಹಿಡಿದು ಅವರ ತಾತನ ತನಕ ಯಾರನ್ನೂ ಬಿಡಲಿಲ್ಲ. ಅವರು ಒಂದು ಮಾತೂ ವಾಪಸ್ಸು ಬೈಯಲಿಲ್ಲ. ಸೈಕಲ್ಲು ಹತ್ತಿ ಹೋದರು. ಬೈಸಿಕೊಂಡವರು ಗೆದ್ದಂತೆ ಹೋಗುವುದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಸಾಯಂಕಾಲ ಎತ್ತುಗಳನ್ನು ಹಳ್ಳಕ್ಕೆ ಇಳಿಸಿ, ಕಲ್ಲು ಸಂದಿಯಲ್ಲಿ ಹತ್ತಿಸಿ, ಸುತ್ತು ಹಾಕಿ ಮನೆಗೆ ತಂದೆವು. ಗಾಡಿ ತೋಟದಲ್ಲೇ ಉಳಿಯಿತು. ಹಳ್ಳದ ದಡ ಎರಡಾಳು ಎತ್ತರ. ಗಾಡಿಯನ್ನು ಬಿಚ್ಚಿ ಸಾಗಿಸಬೇಕೆಂದರೂ ಆಗುವಂತಿರಲಿಲ್ಲ.

ಮೂರು ವಾರಕ್ಕೆ ಹಣ್ಣು ಮಾಗಿತು. ದ್ರಾಕ್ಷಿ ರಾಗಿಯಲ್ಲ, ಕಣಜದಲ್ಲಿ ಕಾಯುವುದಿಲ್ಲ. ಕಿತ್ತ ದಿನವೇ ಮಾರ್ಕೆಟ್ಟಿಗೆ ಹೋಗಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ತಲೆಗೆ ಸಿಂಬಿ ಇಟ್ಟುಕೊಂಡು, ಅದರ ಮೇಲೆ ಕುಕ್ಕೆ ಹೊತ್ತು, ಅವ್ವ, ನಾನು, ಇಬ್ಬರು ಕೂಲಿ ಹೆಂಗಸರು ಹಳ್ಳ ಇಳಿದು ಹತ್ತಿದೆವು. ಗಾಡಿ ಒಂದೇ ಸಲಕ್ಕೆ ಒಯ್ಯುತ್ತಿದ್ದ ಹಣ್ಣಿಗೆ ನಾವು ದಿನವಿಡೀ ನಡೆದೆವು. ಎರಡನೆಯ ದಿನ ಅವ್ವ ಪಾಚಿಯ ಮೇಲೆ ಜಾರಿದಳು. ಕುಕ್ಕೆ ಉರುಳಿತು, ಹಣ್ಣಿನ ಮೇಲೆಯೇ ಕುಳಿತು ಅವಳು ಅತ್ತಳು, ನೋವಿಗಲ್ಲ, ನಷ್ಟಕ್ಕೆ. ಅವಳ ಕಾಲು ಊದಿಕೊಂಡಿತು. ಚಪ್ಪರದಲ್ಲಿ ಅರ್ಧಕ್ಕರ್ಧ ಹಣ್ಣು ಒಡೆದು ನೊಣ, ಜೇನುಹುಳುಗಳ ಪಾಲಾಯಿತು.

ಅವತ್ತು ನಾನು ಕಬ್ಬಿಣದ ಇಕ್ಕಳ ಹುಡುಕಿಕೊಂಡು ಬೇಲಿಯ ಹತ್ತಿರ ಹೋದೆ. ಮೊದಲ ತಂತಿಗೆ ಇಕ್ಕಳ ಹಾಕಿದ್ದೆ. ಅಪ್ಪ ಓಡಿಬಂದು ನನ್ನ ಮಣಿಕಟ್ಟು ಹಿಡಿದ. ಎಳೆ ಮಗುವಾಗಿದ್ದಾಗಿನಿಂದ ಅಪ್ಪ ನನ್ನ ಮೈಮೇಲೆ ಕೈ ಬಿಗಿ ಮಾಡಿದವನಲ್ಲ.

"ಕತ್ತರಿಸಿದ್ರೆ ಕೇಸು ಅವನ್ದಾಯ್ತದೆ" ಎಂದ. "ಸುಮ್ಕಿದ್ರೆ ನಮ್ದು."

ಊರಿನ ಶಾನುಭೋಗರ ಮನೆಗೆ ಹೋಗಿ ನಕ್ಷೆ ನೋಡಿದೆವು. ಅವರು ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆ ಬಿಚ್ಚಿ, ಬೆರಳು ಆಡಿಸಿದರು. ಊರ ದಾರಿಗಳೆಲ್ಲ ಅದರಲ್ಲಿ ಚುಕ್ಕೆ ಚುಕ್ಕೆಯಾಗಿ ಇದ್ದವು. ಸ್ಮಶಾನಕ್ಕೆ ಇತ್ತು, ಕೆರೆಗೆ ಇತ್ತು. ನಮ್ಮ ತೋಟದ ಕಡೆಗೆ ಒಂದು ಚುಕ್ಕೆಯೂ ಇರಲಿಲ್ಲ. "ಎರಡು ಜಮೀನೂ ಯಾವತ್ತೂ ಒಬ್ಬರದಾಗಿರಲಿಲ್ಲ, ಒಂದಾಗಿದ್ದು ಪಾಲಾಗಿದ್ದಿದ್ರೆ ದಾರಿ ಕೊಡಲೇಬೇಕಿತ್ತು. ಇನ್ನು ಕೋರ್ಟೇ ಗತಿ" ಎಂದು ಅವರು ನಕ್ಷೆ ಸುತ್ತಿದರು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಊರೆಲ್ಲ ಹೇಳಿತು. ಬೇರೆ ಉಪಾಯವನ್ನು ಯಾರೂ ಹೇಳಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಬಸ್ಸು ಹಿಡಿದು ಅಪ್ಪನೂ ನಾನೂ ಪೇಟೆಯ ಒಬ್ಬ ವಕೀಲರ ಹತ್ತಿರ ಹೋದೆವು.

ವಕೀಲರು ಮೊದಲು ಹುರುಪಿನಲ್ಲಿದ್ದರು. "ಎಷ್ಟು ವರ್ಷದಿಂದ ಓಡಾಡ್ತಿದ್ದೀರಿ?"

"ನಮ್ಮಪ್ಪನ ಕಾಲ್ದಿಂದ ಸ್ವಾಮಿ."

"ಸರಿ. ಇಪ್ಪತ್ತು ವರ್ಷ ಆದ್ರೆ ಸಾಕು, ಅದು ಹಕ್ಕಾಗುತ್ತೆ. ಹಾಡಹಗಲಲ್ಲಿ ಓಡಾಡಿದ್ದೀರಿ ತಾನೇ, ಕದ್ದುಮುಚ್ಚಿ ಅಲ್ಲ?"

"ಅಯ್ಯೋ, ಗಂಟೆ ಕಟ್ಟಿದ ಎತ್ತು ಸ್ವಾಮಿ."

"ಜಗಳ, ಹೊಡೆದಾಟ?"

"ಒಂದು ದಿನಾನೂ ಇಲ್ಲ. ಅಂಗೆ ಮಾಡೋರಲ್ಲ ನಾವು." ಅಪ್ಪ ಕುರ್ಚಿಯ ತುದಿಗೆ ಸರಿದ. ಮುಖದಲ್ಲಿ ಹೆಮ್ಮೆ. "ವರ್ಸಾ ವರ್ಸಾ ಯುಗಾದಿ ದಿನ ತಟ್ಟೇಲಿ ಎಲೆ ಅಡ್ಕೆ ಮಡ್ಗಿ, ಅವ್ರ ಬಾಕ್ಲಿಗೆ ಓಗಿ ಕೇಳಿ, ಅವ್ರು ಊಂ ಅಂದ್ಮೇಲೇನೇ ಗಾಡಿ ಓಡಿಸಿದ್ದು."

ವಕೀಲರು ಲೇಖನಿ ಕೆಳಗಿಟ್ಟರು.

"ಇದನ್ನ ಇನ್ಯಾರಿಗಾದ್ರೂ ಹೇಳಿದ್ದೀರಾ?"

"ಊರಿಗೇ ಗೊತ್ತು ಸ್ವಾಮಿ."

ಆಮೇಲೆ ಅವರು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಕೇಳದೆ ಓಡಾಡಿದ್ದರೆ ಹಕ್ಕು. ಕೇಳಿ ಓಡಾಡಿದರೆ ಅದು ಅವರು ಕೊಟ್ಟ ದಯೆ. ಇಪ್ಪತ್ತಲ್ಲ, ನೂರು ವರ್ಷ ಕೇಳಿಕೊಂಡು ಓಡಾಡಿದರೂ ಅದು ದಯೆಯೇ. ಕೊಟ್ಟವರು ಯಾವಾಗ ಬೇಕಾದರೂ ನಿಲ್ಲಿಸಬಹುದು. ಅವರಿಂದ ಕೊಂಡವರೂ ನಿಲ್ಲಿಸಬಹುದು. "ಇಲ್ಲ ಅನ್ನೋ ಅಧಿಕಾರ ಅವರಿಗಿದೆ ಅಂತ ನೀವೇ ವರ್ಷ ವರ್ಷ ತಾಂಬೂಲ ಕೊಟ್ಟು ಒಪ್ಕೊಂಡಿದ್ದೀರಿ."

ಅಪ್ಪನ ಮುಖ ನೋಡಲಾಗಲಿಲ್ಲ. ಒಂದು ಬದುಕಿನ ಮರ್ಯಾದೆ ಅಲ್ಲೇ ಮೇಜಿನ ಮೇಲೆ ತಪ್ಪಾಗಿ ಕೂತಿತ್ತು. "ಅಂಗಾರೆ ಕೇಳ್ದೆ ನುಗ್ಗಿದೋರಿಗೇ ಕಾನೂನಾ ಸ್ವಾಮಿ?" ಎಂದ. ನನಗೆ ಕಾನೂನಿನ ಮೇಲೆ ಬಂದ ಕೋಪಕ್ಕಿಂತ ಹೆಚ್ಚು ಕೋಪ ಬಂದದ್ದು ಅಪ್ಪನ ಮೇಲೆ. ಊರಿಗೆಲ್ಲ ಒಳ್ಳೆಯವನಾಗಿ ನಮ್ಮ ಕುತ್ತಿಗೆಗೆ ತಾನೇ ಹಗ್ಗ ಹಾಕಿದ್ದಾನೆ ಅನ್ನಿಸಿತು.

ವಕೀಲರು ನನ್ನ ಕಡೆ ತಿರುಗಿದರು. ಅಪ್ಪನನ್ನು ಸಾಕ್ಷಿಗೆ ನಿಲ್ಲಿಸಿದರೆ ಕೇಸು ಅಲ್ಲೇ ಮುಗಿಯುತ್ತದೆ ಎಂದು ಅವರಿಗೆ ಅರ್ಥವಾಗಿತ್ತು. "ನಿಮ್ಮ ಮಗಳು ದಿನಾ ತೋಟಕ್ಕೆ ಹೋಗೋಳು, ಓದಿದ್ದಾಳೆ. ಅವಳು ಸಾಕ್ಷಿ ಹೇಳಲಿ" ಎಂದರು. ಏನು ಹೇಳಬೇಕು ಎಂದು ಹೇಳಿಕೊಡಲಿಲ್ಲ. ಯಾವುದು ಹೇಳಿದರೆ ಸೋಲು ಎಂಬುದನ್ನು ಮಾತ್ರ ಇನ್ನೊಂದು ಸಲ, ನಿಧಾನವಾಗಿ ಹೇಳಿದರು.

ಹೊರಗೆ ಬಂದ ಮೇಲೆ ಅಪ್ಪ ಅಂದ, "ಬ್ಯಾಡ ಕಣವ್ವಾ. ತೋಟ ಮಾರ್ಬುಡಾನ."

"ದಾರಿ ಇಲ್ಲದ ತೋಟಾನ ಯಾರು ತಗೋತಾರೆ? ಆ ಟೋಪಿಯವನೇ ತಗೋಬೇಕು. ಅವನು ಕಾಯ್ತಿರೋದೇ ಅದಕ್ಕೆ" ಎಂದೆ. ಅದು ಸುಳ್ಳಲ್ಲ. ಅಷ್ಟು ಹೊತ್ತಿಗೆ ಅವರ ಕಡೆಯವರು ಎರಡು ಸಲ ಬಂದು, ತೋಟ ಕೊಡುತ್ತೀರಾ ಎಂದು ಕೇಳಿ ಹೋಗಿದ್ದರು.

ಕೇಸು ಎಳೆಯಿತು. ಇನ್ನೊಂದು ಬೆಳೆ ತಲೆಯ ಮೇಲೆ ಹಳ್ಳ ದಾಟಿತು. ಗಾಡಿ ಚಪ್ಪರದ ಪಕ್ಕದಲ್ಲಿ ಮುಂದಿನ ಮೂಕಿಮರ ನೆಲಕ್ಕೂರಿ ನಿಂತಿತ್ತು. ಮಳೆಗೆ ಅದರ ಹಲಗೆ ಬಿರಿಯಿತು. ಕಡೆಗೆ ನನ್ನ ದಿನ ಬಂತು.

ಕಟಕಟೆ ಹತ್ತಿದೆ. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು, ಮಾಡಿದೆ. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಸಲೀಸಾಗಿ ಹೇಳಿದೆ. ಆಮೇಲೆ ಕಾಂಟ್ರಾಕ್ಟರ ವಕೀಲರು ಎದ್ದರು. ಅವರಿಗೆ ಊರಿನಿಂದ ಯಾರೋ ಹೇಳಿದ್ದರು.

"ಯುಗಾದಿ ದಿನ ಪ್ರತಿವಾದಿಗೆ ಜಮೀನು ಮಾರಿದಾಕೆಯ ಮನೆಗೆ ಎಲೆ ಅಡಿಕೆ ತಟ್ಟೆ ತಗೊಂಡು ಹೋಗ್ತಿದ್ರಿ, ಹೌದೋ ಅಲ್ವೋ?"

"ಹೌದು."

"ಯಾಕೆ?"

ಅಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದ. ನಾನು ಆ ಕಡೆ ನೋಡಲಿಲ್ಲ.

"ಹಬ್ಬದ ದಿನ ಹಿರಿಯರಿಗೆ ತಾಂಬೂಲ ಕೊಡೋದು ನಮ್ಮ ಪದ್ಧತಿ."

"ದಾರಿ ಬಿಡಿ ಅಂತ ಕೇಳ್ತಿದ್ರಿ."

"ಇಲ್ಲ."

"ನಿಮ್ಮ ತಂದೆ ಕೇಳ್ತಿದ್ರು."

"ಯಾರೂ ಕೇಳ್ತಿರಲಿಲ್ಲ. ನಮ್ಮ ದಾರೀನ ನಾವ್ಯಾಕೆ ಕೇಳ್ಬೇಕು?"

ನ್ಯಾಯಾಧೀಶರು ಅದನ್ನು ಬರೆದುಕೊಂಡರು. ಇಳಿದು ಬರುವಾಗ ನನಗೆ ಹೆದರಿಕೆಯಾಗಲಿಲ್ಲ; ನಿಜ ಹೇಳುತ್ತೇನೆ, ಹೆಮ್ಮೆಯಾಯಿತು. ಚೆನ್ನಾಗಿ ಹೇಳಿದೆ ಅನ್ನಿಸಿತು. ಬಸ್ಸಿನಲ್ಲಿ ಅಪ್ಪ ಪಕ್ಕದಲ್ಲಿ ಕೂರಲಿಲ್ಲ. ಜಾಗವಿದ್ದರೂ ಹೆಬ್ಬಾಳದ ತನಕ ಕಂಬಿ ಹಿಡಿದು ನಿಂತೇ ಬಂದ.

ಹೆಮ್ಮೆ ಎರಡು ವಾರ ಇತ್ತು. ಆಮೇಲೆ ಕಾಂಟ್ರಾಕ್ಟರ ಕಡೆಯಿಂದ ಯಾರು ಸಾಕ್ಷಿ ಹೇಳುತ್ತಾರೆ ಎಂದು ಗೊತ್ತಾಯಿತು. ದೊಡ್ಡಮ್ಮ.

ಬೇರೆ ಯಾರನ್ನು ಕರೆಸುತ್ತಾರೆ? ಕೇಳಿದ್ದು ಅವರನ್ನು, ಹೌ ಅಂದವರು ಅವರು. ಐದು ಹೊತ್ತು ನಮಾಜು ಬಿಡದ ಹೆಂಗಸು. ಒಂದು ಸೇರು ಕಡಲೆಕಾಯಿ ಅಳೆದರೂ ಮೇಲೆ ಒಂದು ಹಿಡಿ ಹಾಕುವವರು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತೋಟ ಹೋಗುತ್ತದೆ. ಜೊತೆಗೆ ನಾನು ಕಟಕಟೆಯಲ್ಲಿ ಸುಳ್ಳು ಹೇಳಿದವಳು ಎಂದು ದಾಖಲಾಗುತ್ತದೆ. ಅದಕ್ಕೆ ಜೈಲೂ ಉಂಟು ಎಂದು ವಕೀಲರ ಗುಮಾಸ್ತ ಸುಮ್ಮನೆ ಇರಲಾರದೆ ಹೇಳಿದ. ನನ್ನ ಮದುವೆ ಗೊತ್ತಾಗಿ ಎರಡು ತಿಂಗಳಾಗಿತ್ತು. ಊಟ ಸೇರದಾಯಿತು.

"ನಾನು ಓಗಿ ಅಕ್ಕನ ಕಾಲು ಇಡ್ಕೊತೀನಿ" ಎಂದ ಅಪ್ಪ.

"ಸಾಕ್ಷಿ ಹತ್ರ ಹೋಗ್ಬಾರ್ದು ಅಂತ ವಕೀಲರು ಹೇಳಿದ್ದಾರೆ. ಯಾರಾದ್ರೂ ನೋಡಿದ್ರೆ ಮುಗೀತು" ಎಂದು ನಾನೇ ತಡೆದೆ. ಜೀವಮಾನವೆಲ್ಲ ಆ ಬಾಗಿಲಿಗೆ ಹೋಗಿ ಕೇಳಿದ ಮನುಷ್ಯನನ್ನು, ಕೇಳಲೇಬೇಕಾಗಿದ್ದ ದಿನ ನಾನು ಮನೆಯಲ್ಲಿ ಕೂರಿಸಿದೆ.

ಆದರೂ ದೊಡ್ಡಮ್ಮ ಸಿಕ್ಕರು. ರಾಗಿ ಬೀಸುವ ಮಿಷನ್ನಿನ ಹತ್ತಿರ ನಾನು ಸರದಿಯಲ್ಲಿ ನಿಂತಿದ್ದೆ. ಅವರು ಸಣ್ಣ ಗೋಧಿ ಚೀಲ ಹಿಡಿದು ಹಿಂದೆ ಬಂದು ನಿಂತರು. ನಾನು ಸೆರಗು ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದೆ. ಮಿಷನ್ನು ಓಡುತ್ತಿತ್ತು. ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಬೇಟೀ, ನಮ್ಮನೆಗೆ ನೀನು ತಟ್ಟೆ ಹಿಡ್ಕೊಂಡು ಯಾತಕ್ಕೆ ಬರ್ತಿದ್ದೆ?"

ಬೈದಿದ್ದರೆ ವಾಪಸ್ಸು ಬೈಯುತ್ತಿದ್ದೆ. ಅವರ ದನಿಯಲ್ಲಿ ಬೈಗುಳವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. ಮಿಷನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವಂತೆ ನಾನು ನಿಂತೆ. ಹಿಟ್ಟು ಬಿಸಿಯಾಗಿರುವಾಗಲೇ ತಲೆಯ ಮೇಲಿಟ್ಟುಕೊಂಡು, ತಿರುಗಿ ನೋಡದೆ ಬಂದೆ.

ಅವರ ಸಾಕ್ಷಿಯ ದಿನ ಕೋರ್ಟಿಗೆ ಹೋಗಬೇಡ ಎಂದು ಅವ್ವ ಬೇಡಿಕೊಂಡಳು. ಹೋಗದೆ ಇರುವುದು ಇನ್ನೂ ಕಷ್ಟವಾಗಿತ್ತು. ದೊಡ್ಡಮ್ಮ ಬಿಳಿ ದುಪ್ಪಟಿ ಹೊದ್ದು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದರು. ಪ್ರಮಾಣ ಮಾಡಿಸಿದಾಗ ಮೆಲ್ಲಗೆ, "ಖುದಾ ಕಸಮ್" ಎಂದೂ ಸೇರಿಸಿದರು. ಅದನ್ನು ಸೇರಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಕಿವಿಗೆ ಬಿದ್ದ ಕೂಡಲೇ ನಾನು ಮನಸ್ಸಿನಲ್ಲೇ ತೋಟದ ಆಸೆ ಬಿಟ್ಟೆ. ಕಾಂಟ್ರಾಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು ಹಾಯಾಗಿ ಕೂತಿದ್ದರು.

ಅವರ ವಕೀಲರು ಸುತ್ತುಬಳಸದೆ ಕೇಳಿದರು. "ಅಮ್ಮಾ, ಹಿಂದಿನ ತೋಟದವರು ಪ್ರತಿ ವರ್ಷ ನಿಮ್ಮ ಮನೆಗೆ ಬಂದು ದಾರಿಗೆ ಅನುಮತಿ ಕೇಳ್ತಿದ್ರು. ಹೌದಲ್ವಾ?"

ದೊಡ್ಡಮ್ಮ ಕೋರ್ಟಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಅಪ್ಪನನ್ನು ನೋಡಿದರು. ಅಪ್ಪ ಟವೆಲ್ಲು ಕೈಯಲ್ಲಿ ಹಿಡಿದು, ಅವರ ಬಾಗಿಲಲ್ಲಿ ನಿಲ್ಲುತ್ತಿದ್ದಂತೆಯೇ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ನನ್ನನ್ನು ನೋಡಿದರು.

"ತಟ್ಟೆ ತರ್ತಿದ್ರು" ಎಂದರು.

"ತಂದು ಏನು ಕೇಳ್ತಿದ್ರು?"

"ಏನೂ ಕೇಳ್ತಿರ್ಲಿಲ್ಲ. ಹಬ್ಬಕ್ಕೆ ತರ್ತಿದ್ರು."

ವಕೀಲರು ಒಂದು ಹೆಜ್ಜೆ ಮುಂದೆ ಬಂದರು. "ಯೋಚನೆ ಮಾಡಿ ಹೇಳಿ. ದೇವರ ಮೇಲೆ ಆಣೆ ಇಟ್ಟಿದ್ದೀರಿ. ದಾರಿ ಕೇಳ್ತಿರಲಿಲ್ವಾ?"

"ಇಲ್ಲ. ಅದು ಅವರ ದಾರಿ. ಕೇಳಾದು ಯಾತಕ್ಕೆ?"

ನನ್ನ ಮಾತೇ ಅದು. ನಾನು ಕಟಕಟೆಯಲ್ಲಿ ಜಂಬದಿಂದ ಹೇಳಿದ್ದನ್ನು ಯಾರೋ ಅವರಿಗೆ ಮುಟ್ಟಿಸಿದ್ದರು. ಅದನ್ನೇ ಅವರು ಒಂದೊಂದು ಅಕ್ಷರ ಎಣಿಸಿ ಇಟ್ಟಂತೆ ಹೇಳಿದರು. ಕಾಂಟ್ರಾಕ್ಟರು ಕಾಲು ಕೆಳಗಿಳಿಸಿದರು. ನನಗೆ ಗೆದ್ದೆವು ಎನ್ನುವುದು ಹೊಳೆಯುವ ಮುಂಚೆಯೇ ಅಪ್ಪ ಎದ್ದು ಹೊರಗೆ ಹೋದ.

ಎರಡು ತಿಂಗಳಿಗೆ ತೀರ್ಪು ಬಂತು. ಗಾಡಿ ಹೋಗುವಷ್ಟು ಅಗಲಕ್ಕೆ, ಹಳೆಯ ಜಾಡಿನಲ್ಲೇ, ನಮಗೆ ಹಕ್ಕಿನ ದಾರಿ. ಕಾಂಟ್ರಾಕ್ಟರು ಮರುವಾರವೇ ಅಡ್ಡ ಬಂದಿದ್ದ ಕಂಬಗಳನ್ನು ಕೀಳಿಸಿದರು; ಮಾತಿಗೆ ತಪ್ಪದ ಮನುಷ್ಯ, ಅದನ್ನು ಒಪ್ಪಲೇಬೇಕು. ಅಪ್ಪ ಗಾಡಿಯ ಕೀಲಿಗೆ ಎಣ್ಣೆ ಬಿಟ್ಟು, ಎತ್ತು ಹೂಡಿ, ಮೇಲೆ ಹತ್ತಿ ಕೂರದೆ ಮುಂದೆ ನಡೆದುಕೊಂಡೇ ರಸ್ತೆಗೆ ತಂದ. ಊರವರು ನಿಂತು ನೋಡಿದರು. ಕೆಲವರು ನನ್ನನ್ನು ಹೊಗಳಿದರು. ಲಾಯರಮ್ಮ ಎಂದು ಹೆಸರೂ ಬಿತ್ತು.

ಅದಾದ ಮೇಲೆ ಯುಗಾದಿ ಬಂತು. ಅಪೀಲಿನ ಗಡುವು ಮುಗಿಯುವ ತನಕ ಆ ತಟ್ಟೆಯ ತಂಟೆಗೆ ಹೋಗಬೇಡಿ ಎಂದು ವಕೀಲರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಅಪ್ಪ ಬೆಳಿಗ್ಗೆ ಎತ್ತಿನ ಮೈ ತೊಳೆದ. ನೊಗಕ್ಕೆ ಅರಿಶಿನ ಹಚ್ಚಿದ. ಆಮೇಲೆ ಏನು ಮಾಡಬೇಕು ಎಂದು ತಿಳಿಯದವನಂತೆ ಜಗಲಿಯ ಮೇಲೆ ಕೂತ. ಬಿಸಿಲೇರಿದರೂ ಏಳಲಿಲ್ಲ.

"ಓಗವ್ವಾ, ನೀನೇ ಉತ್ಕೊಂಡು ಬಾ" ಎಂದ. "ನಿನ್ ದಾರಿ ಅದು."

ಅಪ್ಪ ನನಗೆ ಹೇಳಿದ ಬಿರುನುಡಿ ಅದೊಂದೇ. ನಾನು ಉಳಲು ಹೋಗಲಿಲ್ಲ. ಬರಿಗೈಯಲ್ಲಿ ದೊಡ್ಡಮ್ಮನ ಮನೆಗೆ ಹೋದೆ. ಯಾರು ನೋಡಿದರೂ ನೋಡಲಿ, ಅಪೀಲು ಹಾಕಿದರೆ ಹಾಕಲಿ ಅನ್ನಿಸಿತ್ತು. ಅವರು ಬಾಗಿಲ ಬೆಳಕಿನಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡು ಮಣೆ ತೋರಿಸಿದರು. ಕೂತೆ. ಅಳು ಬಂತು.

"ದೊಡ್ಡಮ್ಮಾ, ನನ್ನಿಂದ ನೀವು ದೇವರ ಮೇಲೆ ಆಣೆ ಇಟ್ಟು..."

ಅವರು ಕೈ ಎತ್ತಿದರು. ಬೆರಳ ಸಂದಿಯಲ್ಲಿ ಒಂದು ಕಲ್ಲು ಇತ್ತು. ಅದನ್ನು ಅಂಗಳಕ್ಕೆ ಎಸೆದರು.

"ನೀನು ಸಣ್ಣವಳು. ನಿನ್ನನ್ನು ಪೊಲೀಸ್‌ನೋರು ಹಿಡ್ಕೊಂಡು ಹೋದ್ರೆ ನಿಮ್ಮಪ್ಪ ಬದುಕ್ತಿರ್ಲಿಲ್ಲ. ಅದಕ್ಕೆ ಹೇಳ್ದೆ" ಎಂದರು. "ಅಲ್ಲಾನ ಮುಂದೆ ನಾನು ಜವಾಬು ಕೊಡ್ತೀನಿ. ಅದು ನಿಂಗೆ ಬೇಡ."

"ಮಾಫ್ ಮಾಡ್ಬಿಡಿ ದೊಡ್ಡಮ್ಮಾ" ಎಂದು ಕಾಲಿಗೆ ಕೈ ಚಾಚಿದೆ.

ಅವರು ಕಾಲನ್ನು ಸೀರೆಯ ಒಳಗೆ ಎಳೆದುಕೊಂಡರು.

"ನಕ್ಕೋ ಬೇಟೀ, ಅದೊಂದು ಕೇಳ್ಬೇಡ. ನಿಮ್ಮಪ್ಪ ಇಷ್ಟು ವರ್ಷ ಕೇಳ್ದ, ಎಲ್ಲಾದಕ್ಕೂ ಹೌ ಅಂದೆ. ಮನಸ್ಸಿಂದ ಅಂದೆ. ಇದಕ್ಕೆ ಮನಸ್ಸು ಬರ್ತಾ ಇಲ್ಲ. ಬಾಯಲ್ಲಿ ಹೌ ಅಂದ್ರೆ ಇನ್ನೊಂದು ಸುಳ್ಳಾಗ್ತದೆ."

ಮೊರವನ್ನು ಮತ್ತೆ ತೊಡೆಯ ಮೇಲಕ್ಕೆ ಎಳೆದುಕೊಂಡರು. ನಾನು ಎದ್ದು ಬಂದೆ.

ಆಮೇಲೆ ಅವರು ಬಹಳ ವರ್ಷ ಬದುಕಿದ್ದರು. ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದರು, ನನ್ನ ಮಗುವಿಗೆ ಕುಲಾವಿ ಹೊಲಿದು ಕೊಟ್ಟರು. ಎದುರಿಗೆ ಸಿಕ್ಕಾಗಲೆಲ್ಲ ಊಟ ಆಯ್ತಾ ಎಂದು ಕೇಳುತ್ತಿದ್ದರು, ಆಯ್ತು ಎನ್ನುತ್ತಿದ್ದೆ. ಅದೊಂದನ್ನು ಮಾತ್ರ ನಾನು ಮತ್ತೆ ಕೇಳಲಿಲ್ಲ, ಅವರು ಕೊಡಲಿಲ್ಲ.